ಆಧುನಿಕ ಕಾರಿನ ಕೀಲಿಕೈ: ಬದಲಾವಣೆ ಮತ್ತು ಪ್ರೋಗ್ರಾಮಿಂಗ್ ವೆಚ್ಚದ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕಾರಿನ ಕೀಲಿಕೈಯನ್ನು ಕಳೆದುಕೊಂಡ ಮಾಲೀಕರು ಸೇವಾ ಕೇಂದ್ರವನ್ನು ಸಂಪರ್ಕಿಸಿದಾಗ ತಿಳಿಸಲಾಗುವ ಮೊತ್ತವು ಹಲವರಿಗೆ ಅನಿರೀಕ್ಷಿತವಾಗಿರುತ್ತದೆ. ಹಿಂದೆ ಪೇಟೆಯ ಅಂಗಡಿಯಲ್ಲಿ ಹತ್ತು ನಿಮಿಷಗಳಲ್ಲಿ ಸಿದ್ಧವಾಗುತ್ತಿದ್ದ ವಸ್ತುವಿಗೆ ಇಂದು ಸಾವಿರಾರು ರೂಪಾಯಿ ವೆಚ್ಚ, ಕೆಲವು ದಿನಗಳ ಕಾಯುವಿಕೆ ಮತ್ತು ದಾಖಲೆಗಳ ಪರಿಶೀಲನೆ ಏಕೆ ಅಗತ್ಯ ಎಂಬ ಪ್ರಶ್ನೆ ಸಹಜವಾದುದು. ಕೀಲಿಕೈಯ ರಚನೆ, ವೆಚ್ಚದ ವಿವಿಧ ಭಾಗಗಳು, ಮಾಲೀಕರು ಅನುಸರಿಸಬೇಕಾದ ಕ್ರಮಗಳು ಹಾಗೂ ಗ್ರಾಹಕರಿಗೆ ಇರುವ ಹಕ್ಕುಗಳನ್ನು ಈ ಕೆಳಗೆ ವಿವರಿಸಲಾಗಿದೆ.

ಸಾರ್ವಜನಿಕರು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಒಂದು ಕೀಲಿಕೈ ಕೈಯಲ್ಲಿ ಉಳಿದಿರುವಾಗ ಇನ್ನೊಂದನ್ನು ಮಾಡಿಸುವುದು ಸುಲಭ ಮತ್ತು ಕಡಿಮೆ ವೆಚ್ಚದ ಕೆಲಸ. ಕೊನೆಯ ಕೀಲಿಕೈಯೂ ಕಳೆದ ನಂತರ ಅದೇ ಕೆಲಸವು ಹಲವು ಪಟ್ಟು ತೊಡಕಿನದಾಗುತ್ತದೆ. ಆದ್ದರಿಂದ ಮೊದಲ ಕೀಲಿಕೈ ಕಳೆದ ಸಂದರ್ಭದಲ್ಲಿಯೇ ಕ್ರಮ ಕೈಗೊಳ್ಳುವುದು ಸೂಕ್ತ.

2. ಕೀಲಿಕೈಗಳ ವಿಧಗಳು

ಪ್ರಸ್ತುತ ಬಳಕೆಯಲ್ಲಿರುವ ಕಾರು ಕೀಲಿಕೈಗಳನ್ನು ಸ್ಥೂಲವಾಗಿ ನಾಲ್ಕು ವಿಧಗಳಾಗಿ ವಿಂಗಡಿಸಬಹುದು.

(ಅ) ಸಾಮಾನ್ಯ ಲೋಹದ ಕೀಲಿಕೈ: ಇದರಲ್ಲಿ ಯಾವುದೇ ವಿದ್ಯುನ್ಮಾನ ಭಾಗವಿರುವುದಿಲ್ಲ. ಹಲ್ಲುಗಳ ಆಕಾರ ಹೊಂದಿದರೆ ಬೀಗ ತೆರೆಯುತ್ತದೆ, ಎಂಜಿನ್ ಚಾಲನೆಗೊಳ್ಳುತ್ತದೆ. ಹಳೆಯ ಕಾರುಗಳಲ್ಲಿ ಮಾತ್ರ ಇಂತಹ ಕೀಲಿಕೈಗಳು ಕಂಡುಬರುತ್ತವೆ.

(ಆ) ಚಿಪ್ ಇರುವ ಕೀಲಿಕೈ: ನೋಡಲು ಸಾಮಾನ್ಯ ಕೀಲಿಕೈಯಂತೆಯೇ ಇದ್ದರೂ ಅದರ ಪ್ಲಾಸ್ಟಿಕ್ ಹಿಡಿಯೊಳಗೆ ಟ್ರಾನ್ಸ್‌ಪಾಂಡರ್ ಎಂಬ ಸಣ್ಣ ಚಿಪ್ ಇರುತ್ತದೆ. ಈ ಚಿಪ್‌ಗೆ ಬ್ಯಾಟರಿಯ ಅಗತ್ಯವಿಲ್ಲ.

(ಇ) ರಿಮೋಟ್ ಸಹಿತ ಕೀಲಿಕೈ: ಚಿಪ್‌ನ ಜೊತೆಗೆ ಬಾಗಿಲು ತೆರೆಯುವ ಮತ್ತು ಮುಚ್ಚುವ ಗುಂಡಿಗಳು ಇರುತ್ತವೆ. ಮಡಚುವ ಲೋಹದ ಪಟ್ಟಿ ಇರುವ ಕೀಲಿಕೈಗಳು ಈ ವರ್ಗಕ್ಕೆ ಸೇರುತ್ತವೆ.

(ಈ) ಸ್ಮಾರ್ಟ್ ಕೀ: ಜೇಬಿನಿಂದ ಹೊರತೆಗೆಯದೆಯೇ ಬಾಗಿಲು ತೆರೆಯಲು ಮತ್ತು ಗುಂಡಿ ಒತ್ತಿ ಎಂಜಿನ್ ಚಾಲನೆ ಮಾಡಲು ಅನುವು ಮಾಡಿಕೊಡುವ ವ್ಯವಸ್ಥೆ. ಬ್ಯಾಟರಿ ಖಾಲಿಯಾದ ಸಂದರ್ಭಕ್ಕಾಗಿ ಬಹುತೇಕ ಸ್ಮಾರ್ಟ್ ಕೀಗಳ ಒಳಗೆ ಚಿಕ್ಕ ಲೋಹದ ಕೀಲಿಕೈಯೊಂದನ್ನು ಅಡಗಿಸಿಡಲಾಗಿರುತ್ತದೆ.

3. ಇಮ್ಮೊಬಿಲೈಸರ್ ವ್ಯವಸ್ಥೆ

ಎಂಜಿನ್ ಅನಧಿಕೃತವಾಗಿ ಚಾಲನೆಗೊಳ್ಳದಂತೆ ತಡೆಯುವ ವಿದ್ಯುನ್ಮಾನ ವ್ಯವಸ್ಥೆಯನ್ನು ಇಮ್ಮೊಬಿಲೈಸರ್ ಎಂದು ಕರೆಯಲಾಗುತ್ತದೆ. ಕೀಲಿಕೈಯನ್ನು ಬೀಗದಲ್ಲಿರಿಸಿ ತಿರುಗಿಸಿದಾಗ ಬೀಗದ ಸುತ್ತ ಅಳವಡಿಸಿರುವ ತಂತಿಯ ಸುರುಳಿಯು ಕಡಿಮೆ ಆವರ್ತಾಂಕದ, ಸಾಮಾನ್ಯವಾಗಿ 125 ಅಥವಾ 134 ಕಿಲೋಹರ್ಟ್ಸ್‌ನ, ಸಂಕೇತವನ್ನು ಹೊರಡಿಸುತ್ತದೆ. ಆ ಸಂಕೇತದಿಂದಲೇ ಅಗತ್ಯ ವಿದ್ಯುತ್ತನ್ನು ಪಡೆಯುವ ಚಿಪ್ ತನ್ನ ಗುರುತನ್ನು ತಿಳಿಸುತ್ತದೆ. ಕಾರಿನ ಕಂಪ್ಯೂಟರ್ ಒಂದು ಪ್ರಶ್ನೆಯನ್ನು ಕಳುಹಿಸಿ, ಚಿಪ್‌ನೊಳಗಿನ ಗುಪ್ತ ಸಂಖ್ಯೆಯ ಆಧಾರದ ಮೇಲೆ ಬರುವ ಉತ್ತರವನ್ನು ಪರಿಶೀಲಿಸುವ ವಿಧಾನವೂ ವ್ಯಾಪಕವಾಗಿ ಬಳಕೆಯಲ್ಲಿದೆ. ಉತ್ತರ ಸರಿಯಾಗಿದ್ದಲ್ಲಿ ಮಾತ್ರ ಎಂಜಿನ್‌ ಚಾಲನೆಗೆ ಅನುಮತಿ ದೊರೆಯುತ್ತದೆ. ಹಲ್ಲುಗಳ ಆಕಾರ ಸರಿಯಾಗಿದ್ದರೂ ಚಿಪ್ ಅಪರಿಚಿತವಾಗಿದ್ದಲ್ಲಿ ಎಂಜಿನ್ ಚಾಲನೆಗೊಳ್ಳುವುದಿಲ್ಲ, ಅಥವಾ ಕ್ಷಣಕಾಲ ಚಾಲನೆಗೊಂಡು ನಿಂತುಹೋಗುತ್ತದೆ.

ಹೊಸ ಕೀಲಿಕೈಯ ಗುರುತನ್ನು ಕಾರಿನ ಕಂಪ್ಯೂಟರ್‌ನ ಸ್ಮರಣೆಯಲ್ಲಿ ದಾಖಲಿಸುವ ಕಾರ್ಯವೇ ಪ್ರೋಗ್ರಾಮಿಂಗ್. ಇದಕ್ಕಾಗಿ ಡ್ಯಾಶ್‌ಬೋರ್ಡ್‌ನ ಕೆಳಭಾಗದಲ್ಲಿರುವ ಜೋಡಣೆಗೆ ಪರೀಕ್ಷಾ ಉಪಕರಣವನ್ನು ಸೇರಿಸಿ, ಬಹುತೇಕ ಮಾದರಿಗಳಲ್ಲಿ ಕಂಪನಿಯಿಂದ ಪಡೆದ ರಹಸ್ಯ ಸಂಕೇತ ಸಂಖ್ಯೆಯನ್ನು ನಮೂದಿಸಬೇಕಾಗುತ್ತದೆ. ಕೀಲಿಕೈಗೆ ಪಾವತಿಸುವ ಹಣದ ಬಹುಪಾಲು ಲೋಹಕ್ಕಾಗಿ ಅಲ್ಲ, ಈ ಗುರುತಿಗಾಗಿ ಎಂಬುದನ್ನು ಗಮನಿಸಬೇಕು.

ಈ ವ್ಯವಸ್ಥೆಯು ವೆಚ್ಚವನ್ನು ಹೆಚ್ಚಿಸಿದೆಯಾದರೂ ಅದರಿಂದ ಪ್ರಯೋಜನವೂ ಆಗಿದೆ. ಯೂರೋಪಿನ ಒಕ್ಕೂಟವು 1995ರ ನಿರ್ದೇಶನದ ಮೂಲಕ ಹೊಸ ಕಾರುಗಳಲ್ಲಿ ಇಮ್ಮೊಬಿಲೈಸರನ್ನು ಕಡ್ಡಾಯಗೊಳಿಸಿ, 1998ರ ಅಕ್ಟೋಬರ್‌ನಿಂದ ಪೂರ್ಣವಾಗಿ ಜಾರಿಗೆ ತಂದಿತು. ನೆದರ್‌ಲ್ಯಾಂಡ್ಸ್‌ನಲ್ಲಿ 1995ರಿಂದ 2008ರವರೆಗಿನ ಅವಧಿಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು, ಈ ವ್ಯವಸ್ಥೆಯಿಂದ ಕಾರು ಕಳ್ಳತನದ ಪ್ರಮಾಣ ಸರಾಸರಿ ಸುಮಾರು ಶೇ. 40ರಷ್ಟು ಇಳಿದಿದೆ ಎಂದು ಕಂಡುಕೊಂಡರು. ಭಾರತದಲ್ಲಿ ಮಾರಾಟವಾಗುವ ಕಾರುಗಳಲ್ಲಿಯೂ ಇಮ್ಮೊಬಿಲೈಸರ್ ಇಂದು ಸಾಮಾನ್ಯವಾಗಿದೆ. ಮಾರುತಿ ಸುಜುಕಿ ಕಾರುಗಳಲ್ಲಿ ಐಕ್ಯಾಟ್ಸ್ ಎಂಬ ಹೆಸರಿನಿಂದ ತಿಳಿಸಲಾಗುವ ಸೌಲಭ್ಯವು ಇದೇ ಆಗಿದೆ.

4. ವೆಚ್ಚದ ವಿವಿಧ ಭಾಗಗಳು

ಸೇವಾ ಕೇಂದ್ರವು ತಿಳಿಸುವ ಒಟ್ಟು ಮೊತ್ತದಲ್ಲಿ ಸಾಮಾನ್ಯವಾಗಿ ಕೆಳಕಂಡ ಅಂಶಗಳು ಸೇರಿರುತ್ತವೆ.

(ಅ) ಕೀಲಿಕೈಯ ಬೆಲೆ: ಖಾಲಿ ಕೀಲಿಕೈ, ಚಿಪ್ ಮತ್ತು ರಿಮೋಟ್ ಭಾಗಗಳ ಬೆಲೆ.

(ಆ) ಕತ್ತರಿಸುವ ಶುಲ್ಕ: ಲೋಹದ ಪಟ್ಟಿಯನ್ನು ಕಾರಿನ ಬೀಗಕ್ಕೆ ಹೊಂದುವಂತೆ ರೂಪಿಸುವ ಕೆಲಸ. ಪಟ್ಟಿಯ ಮೈಯಲ್ಲಿ ಅಂಕುಡೊಂಕಾದ ಗೀರು ಇರುವ ಕೀಲಿಕೈಗಳಿಗೆ ವಿಶೇಷ ಯಂತ್ರ ಬೇಕಾಗುತ್ತದೆ.

(ಇ) ಪ್ರೋಗ್ರಾಮಿಂಗ್ ಶುಲ್ಕ: ಗುರುತನ್ನು ದಾಖಲಿಸುವ ಕೂಲಿ. ಇದು ಕೀಲಿಕೈಯ ಬೆಲೆಯಿಂದ ಪ್ರತ್ಯೇಕ.

(ಈ) ವಾಹನ ಸಾಗಣೆ ವೆಚ್ಚ: ಪ್ರೋಗ್ರಾಮಿಂಗ್‌ಗೆ ಕಾರು ಖುದ್ದಾಗಿ ಹಾಜರಿರಬೇಕು. ಚಾಲನೆ ಮಾಡಲು ಸಾಧ್ಯವಾಗದಿದ್ದಲ್ಲಿ ಅದನ್ನು ಎಳೆದೊಯ್ಯುವ ವಾಹನದ ಬಾಡಿಗೆ ಸೇರುತ್ತದೆ.

(ಉ) ಬೀಗ ಅಥವಾ ಕಂಪ್ಯೂಟರ್ ಘಟಕದ ಬದಲಾವಣೆ: ಎಲ್ಲ ಪ್ರಕರಣಗಳಲ್ಲಿಯೂ ಇದು ಅಗತ್ಯವಿಲ್ಲ. ಅಗತ್ಯವಾದಲ್ಲಿ ಒಟ್ಟು ವೆಚ್ಚದ ದೊಡ್ಡ ಪಾಲು ಇದೇ ಆಗುತ್ತದೆ.

(ಊ) ಸರಕು ಮತ್ತು ಸೇವಾ ತೆರಿಗೆ: ವಾಹನ ದುರಸ್ತಿ ಸೇವೆಯ ಕೂಲಿಯ ಮೇಲೆ ಶೇ. 18ರ ದರದಲ್ಲಿ ಜಿಎಸ್‌ಟಿ ಅನ್ವಯವಾಗುತ್ತದೆ.

ದರಗಳು ಕಂಪನಿ, ಮಾದರಿ ಮತ್ತು ಊರಿನ ಮೇಲೆ ಅವಲಂಬಿತವಾಗಿವೆ. ಅತಿ ಸ್ಥೂಲವಾಗಿ ಹೇಳುವುದಾದರೆ, ಸಾಮಾನ್ಯ ಲೋಹದ ಕೀಲಿಕೈಗೆ ಕೆಲವು ನೂರು ರೂಪಾಯಿಗಳು ಸಾಕಾಗುತ್ತವೆ. ಚಿಪ್ ಅಥವಾ ರಿಮೋಟ್ ಇರುವ ಕೀಲಿಕೈಗೆ ಕೆಲವು ಸಾವಿರ ರೂಪಾಯಿಗಳಾಗುತ್ತವೆ. ಸ್ಮಾರ್ಟ್ ಕೀಗೆ ಹತ್ತು ಸಾವಿರ ರೂಪಾಯಿಗಳನ್ನು ಮೀರುವುದು ಅಪರೂಪವಲ್ಲ. ವಿದೇಶಿ ಐಷಾರಾಮಿ ಕಾರುಗಳಲ್ಲಿ ಹಲವು ಹತ್ತು ಸಾವಿರ ರೂಪಾಯಿಗಳವರೆಗೆ ಏರಬಹುದು. ನಿಖರವಾದ ಮೊತ್ತವನ್ನು ಕಾರಿನ ಚಾಸಿಸ್ ಸಂಖ್ಯೆಯನ್ನು ನೀಡಿ ಲಿಖಿತ ಅಂದಾಜು ಪಟ್ಟಿಯ ಮೂಲಕವೇ ಪಡೆಯಬೇಕು.

5. ಒಂದು ಕೀಲಿಕೈ ಉಳಿದಿರುವಾಗ ಮತ್ತು ಎಲ್ಲವೂ ಕಳೆದಾಗ

ಕಾರ್ಯನಿರತ ಕೀಲಿಕೈಯೊಂದು ಲಭ್ಯವಿದ್ದಲ್ಲಿ ಮಾಲೀಕರು ಕಾರನ್ನು ತಾವೇ ಚಲಾಯಿಸಿಕೊಂಡು ಸೇವಾ ಕೇಂದ್ರಕ್ಕೆ ಹೋಗಬಹುದು. ಹಲ್ಲುಗಳ ಆಕಾರವನ್ನು ಆ ಕೀಲಿಕೈಯಿಂದಲೇ ತೆಗೆದುಕೊಳ್ಳಬಹುದು. ಕೆಲವು ಮಾದರಿಗಳಲ್ಲಿ ಈಗಾಗಲೇ ದಾಖಲಾಗಿರುವ ಕೀಲಿಕೈಯ ಸಹಾಯದಿಂದ ಹೊಸದನ್ನು ಸರಳ ವಿಧಾನದಲ್ಲಿ ಸೇರಿಸಲು ಅವಕಾಶವಿದೆ.

ಎಲ್ಲ ಕೀಲಿಕೈಗಳೂ ಕಳೆದಿದ್ದಲ್ಲಿ ಕಾರು ನಿಂತಲ್ಲೇ ನಿಲ್ಲುತ್ತದೆ. ಸ್ಟಿಯರಿಂಗ್ ಬೀಗ ಬಿದ್ದಿದ್ದರೆ ಎಳೆದೊಯ್ಯುವುದೂ ಕಷ್ಟ. ಹಲ್ಲುಗಳ ಆಕಾರಕ್ಕಾಗಿ ಕೀಲಿಕೈ ಸಂಖ್ಯೆಯ ಬಿಲ್ಲೆ ಬೇಕು, ಇಲ್ಲವೇ ಬೀಗವನ್ನೇ ಕಳಚಿ ಅಳೆಯಬೇಕು. ಮಾಲೀಕತ್ವದ ಪರಿಶೀಲನೆಯ ನಂತರವೇ ರಹಸ್ಯ ಸಂಕೇತವನ್ನು ಕಂಪನಿಯಿಂದ ತರಿಸಲಾಗುತ್ತದೆ. ಕೆಲವು ಮಾದರಿಗಳಲ್ಲಿ ಇಮ್ಮೊಬಿಲೈಸರ್ ಘಟಕವನ್ನೇ ಬದಲಾಯಿಸುವ ಪ್ರಸಂಗವೂ ಒದಗಬಹುದು.

ಈ ವ್ಯತ್ಯಾಸವನ್ನು ಅರ್ಥಮಾಡಿಕೊಳ್ಳಲು ಕಲ್ಪಿತ ಅಂಕಿಗಳ ಉದಾಹರಣೆಯೊಂದನ್ನು ನೀಡಲಾಗಿದೆ. ಕೀಲಿಕೈಯ ಗರಿಷ್ಠ ಮಾರಾಟ ಬೆಲೆ ತೆರಿಗೆ ಸೇರಿ ರೂ. 5,000 ಎಂದಿಟ್ಟುಕೊಳ್ಳಬಹುದು.

ಮೊದಲನೆಯ ಸಂದರ್ಭ (ಒಂದು ಕೀಲಿಕೈ ಉಳಿದಿದೆ): ಹೊಸ ಕೀಲಿಕೈ ಒಂದಕ್ಕೆ ರೂ. 5,000, ಕತ್ತರಿಸುವ ಮತ್ತು ಪ್ರೋಗ್ರಾಮಿಂಗ್ ಕೂಲಿ ರೂ. 1,500, ಕೂಲಿಯ ಮೇಲೆ ಶೇ. 18ರಂತೆ ತೆರಿಗೆ ರೂ. 270. ಒಟ್ಟು ರೂ. 6,770. ಮಾಲೀಕರ ಬಳಿ ಈಗ ಎರಡು ಕೀಲಿಕೈಗಳಿರುತ್ತವೆ.

ಎರಡನೆಯ ಸಂದರ್ಭ (ಎಲ್ಲವೂ ಕಳೆದಿವೆ): ಎರಡು ಹೊಸ ಕೀಲಿಕೈಗಳಿಗೆ ರೂ. 10,000, ಹೆಚ್ಚಿನ ಕೆಲಸದ ಕಾರಣ ಕೂಲಿ ರೂ. 3,000, ತೆರಿಗೆ ರೂ. 540, ವಾಹನ ಸಾಗಣೆ ರೂ. 2,000. ಒಟ್ಟು ರೂ. 15,540. ಬೀಗ ಅಥವಾ ಘಟಕದ ಬದಲಾವಣೆ ಇದರಲ್ಲಿ ಸೇರಿಲ್ಲ.

ಎರಡೂ ಸಂದರ್ಭಗಳಲ್ಲಿ ಕೊನೆಗೆ ಮಾಲೀಕರ ಬಳಿ ಉಳಿಯುವುದು ಎರಡೇ ಕೀಲಿಕೈಗಳು. ವ್ಯತ್ಯಾಸದ ರೂ. 8,770 ವಿಳಂಬಕ್ಕೆ ತೆತ್ತ ಬೆಲೆಯಾಗಿದೆ.

6. ಕೀಲಿಕೈ ಕಳೆದ ಕೂಡಲೇ ಕೈಗೊಳ್ಳಬೇಕಾದ ಕ್ರಮಗಳು

(1) ಕಾರು ಸುರಕ್ಷಿತ ಸ್ಥಳದಲ್ಲಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಕೀಲಿಕೈಯ ಜೊತೆಗೆ ವಿಳಾಸವಿರುವ ದಾಖಲೆ ಅಥವಾ ಮನೆಯ ಬೀಗದ ಕೈ ಸಹ ಕಳೆದಿದ್ದಲ್ಲಿ ಕಾರನ್ನು ಸಾಧ್ಯವಾದಷ್ಟು ಬೇಗ ಬೇರೆಡೆ ನಿಲ್ಲಿಸುವುದು ಮತ್ತು ಮನೆಯ ಬೀಗವನ್ನು ಬದಲಾಯಿಸುವುದು ಉತ್ತಮ.

(2) ಕಳೆದುಹೋದ ಬಗ್ಗೆ ಪೊಲೀಸರಲ್ಲಿ ವರದಿ ದಾಖಲಿಸಬೇಕು. ಕರ್ನಾಟಕದಲ್ಲಿ ಕಳೆದುಹೋದ ದಾಖಲೆ ಮತ್ತು ವಸ್ತುಗಳ ಬಗ್ಗೆ ಆನ್‌ಲೈನ್ ಮೂಲಕ ವರದಿ ಸಲ್ಲಿಸಲು ರಾಜ್ಯ ಪೊಲೀಸ್ ಇಲಾಖೆಯ ಇ-ಲಾಸ್ಟ್ ಸೌಲಭ್ಯವಿದೆ. ಈ ಸೌಲಭ್ಯವು ಕಳೆದುಹೋದ ವಸ್ತುಗಳಿಗೆ ಮಾತ್ರ. ಕೀಲಿಕೈ ಕಳ್ಳತನವಾಗಿದ್ದಲ್ಲಿ ಪೊಲೀಸ್ ಠಾಣೆಯಲ್ಲಿ ದೂರು ನೀಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ನೀಡಲಾಗುತ್ತದೆ.

(3) ವಿಮಾ ಪಾಲಿಸಿಯಲ್ಲಿ ಕೀಲಿಕೈ ಬದಲಾವಣೆಯ ರಕ್ಷಣೆ ಇದೆಯೇ ಎಂದು ಪರಿಶೀಲಿಸಿ, ಇದ್ದಲ್ಲಿ ಕೆಲಸ ಮಾಡಿಸುವ ಮೊದಲೇ ವಿಮಾ ಕಂಪನಿಗೆ ತಿಳಿಸಬೇಕು.

(4) ಸೇವಾ ಕೇಂದ್ರಕ್ಕೆ ಹೋಗುವಾಗ ಉಳಿದಿರುವ ಎಲ್ಲ ಕೀಲಿಕೈಗಳನ್ನೂ ಕೊಂಡೊಯ್ಯಬೇಕು. ಹಲವು ಮಾದರಿಗಳಲ್ಲಿ ಹೊಸ ಕೀಲಿಕೈ ಸೇರಿಸುವಾಗ ಹಳೆಯ ದಾಖಲೆ ಪೂರ್ತಿ ಅಳಿಸಿಹೋಗುತ್ತದೆ. ಆ ಸಮಯದಲ್ಲಿ ಹಾಜರಿಲ್ಲದ ಕೀಲಿಕೈ ನಂತರ ಕಾರ್ಯ ನಿರ್ವಹಿಸುವುದಿಲ್ಲ.

(5) ಕಳೆದ ಕೀಲಿಕೈಯ ಗುರುತನ್ನು ಕಾರಿನ ಸ್ಮರಣೆಯಿಂದ ಅಳಿಸುವಂತೆ ಸ್ಪಷ್ಟವಾಗಿ ಕೋರಬೇಕು. ಹೊಸ ಕೀಲಿಕೈ ಸೇರಿಸಿದ ಮಾತ್ರಕ್ಕೆ ಹಳೆಯದು ತಾನಾಗಿಯೇ ರದ್ದಾಗುತ್ತದೆ ಎಂದು ಭಾವಿಸಬಾರದು. ಕೆಲಸ ಮುಗಿದ ಮೇಲೆ ಕಾರಿನಲ್ಲಿ ಎಷ್ಟು ಕೀಲಿಕೈಗಳು ದಾಖಲಾಗಿವೆ ಎಂಬುದನ್ನು ಉಪಕರಣದಲ್ಲಿ ತೋರಿಸುವಂತೆ ಕೇಳಿ, ಆ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಿಕೊಳ್ಳುವುದು ಒಳಿತು.

ಗುರುತನ್ನು ಅಳಿಸಿದ ನಂತರವೂ ಕಳೆದ ಕೀಲಿಕೈಯ ಲೋಹದ ಪಟ್ಟಿಯಿಂದ ಬಾಗಿಲನ್ನು ತೆರೆಯಲು ಸಾಧ್ಯ. ಎಂಜಿನ್ ಚಾಲನೆಯಾಗದಿದ್ದರೂ ಕಾರಿನೊಳಗಿನ ವಸ್ತುಗಳಿಗೆ ಅಪಾಯವಿರುತ್ತದೆ. ಕೀಲಿಕೈ ದುರುದ್ದೇಶದಿಂದ ತೆಗೆದುಕೊಳ್ಳಲ್ಪಟ್ಟಿದೆ ಎಂಬ ಸಂಶಯಕ್ಕೆ ಆಧಾರವಿದ್ದಲ್ಲಿ ಬಾಗಿಲಿನ ಬೀಗಗಳನ್ನು ಬದಲಾಯಿಸುವ ಬಗ್ಗೆಯೂ ಯೋಚಿಸಬೇಕು. ಕೇವಲ ಕೈತಪ್ಪಿ ಎಲ್ಲೋ ಬಿದ್ದುಹೋಗಿದ್ದಲ್ಲಿ ಈ ಹೆಚ್ಚುವರಿ ವೆಚ್ಚವು ಸಾಮಾನ್ಯವಾಗಿ ಅನಗತ್ಯ.

7. ಸಲ್ಲಿಸಬೇಕಾದ ದಾಖಲೆಗಳು

ಹೊಸ ಕೀಲಿಕೈಗಾಗಿ ಸೇವಾ ಕೇಂದ್ರಗಳು ಸಾಮಾನ್ಯವಾಗಿ ಕೇಳುವ ದಾಖಲೆಗಳು ಈ ಕೆಳಕಂಡಂತಿವೆ:

- ವಾಹನದ ನೋಂದಣಿ ಪ್ರಮಾಣಪತ್ರ (ಆರ್.ಸಿ.)
- ಮಾಲೀಕರ ಭಾವಚಿತ್ರವಿರುವ ಗುರುತಿನ ಚೀಟಿ
- ಪೊಲೀಸ್ ವರದಿಯ ಪ್ರತಿ
- ಕೀಲಿಕೈ ಸಂಖ್ಯೆ ಇರುವ ಬಿಲ್ಲೆ ಅಥವಾ ಚೀಟಿ, ಲಭ್ಯವಿದ್ದಲ್ಲಿ
- ಮಾಲೀಕರು ಖುದ್ದಾಗಿ ಬರಲು ಸಾಧ್ಯವಿಲ್ಲದಿದ್ದಲ್ಲಿ ಅವರ ಸಹಿಯುಳ್ಳ ಅಧಿಕಾರ ಪತ್ರ

ಈ ಪರಿಶೀಲನೆಯನ್ನು ಅನಗತ್ಯ ಕಿರುಕುಳವೆಂದು ಭಾವಿಸಬಾರದು. ದಾಖಲೆ ಕೇಳದೆಯೇ ಕೀಲಿಕೈ ಮಾಡಿಕೊಡುವವರು ಅದೇ ಕಾರಿಗೆ ಬೇರೆಯವರು ಬಂದು ಕೇಳಿದರೂ ಮಾಡಿಕೊಡಬಲ್ಲರು ಎಂಬುದನ್ನು ನೆನಪಿನಲ್ಲಿಡಬೇಕು.

ಕೀಲಿಕೈಯ ಜೊತೆಗೆ ನೋಂದಣಿ ಪ್ರಮಾಣಪತ್ರವೂ ಕಳೆದಿದ್ದಲ್ಲಿ ಅದರ ದ್ವಿತೀಯ ಪ್ರತಿಗಾಗಿ ನಮೂನೆ 26ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು. ಅಲ್ಲಿಯವರೆಗೆ ಡಿಜಿಲಾಕರ್‌ನಲ್ಲಿರುವ ಪ್ರಮಾಣಪತ್ರವನ್ನು ತೋರಿಸಬಹುದು. ಮಾಲೀಕರು ಮೃತರಾಗಿದ್ದಲ್ಲಿ ವಾರಸುದಾರರು ನಮೂನೆ 31ರ ಮೂಲಕ ವಾಹನವನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಂಡರೆ ಕೀಲಿಕೈ ಸೇರಿದಂತೆ ಮುಂದಿನ ಎಲ್ಲ ವ್ಯವಹಾರಗಳೂ ಸುಗಮವಾಗುತ್ತವೆ.

8. ಅಂದಾಜು ಪಟ್ಟಿ ಮತ್ತು ಬಿಲ್ಲು

ಕೆಲಸ ಆರಂಭಿಸುವ ಮೊದಲು ಲಿಖಿತ ಅಂದಾಜು ಪಟ್ಟಿಯನ್ನು ಪಡೆಯಬೇಕು. ಕೀಲಿಕೈಯ ಬೆಲೆ, ಕತ್ತರಿಸುವ ಶುಲ್ಕ, ಪ್ರೋಗ್ರಾಮಿಂಗ್ ಶುಲ್ಕ ಮತ್ತು ತೆರಿಗೆಗಳನ್ನು ಪ್ರತ್ಯೇಕವಾಗಿ ತೋರಿಸುವಂತೆ ಕೇಳಬೇಕು. ಪ್ರೋಗ್ರಾಮಿಂಗ್ ಯಶಸ್ವಿಯಾಗದಿದ್ದಲ್ಲಿ ಹಣ ಹಿಂತಿರುಗಿಸಲಾಗುವುದೇ, ಹೊಸ ಕೀಲಿಕೈಗೆ ಎಷ್ಟು ಅವಧಿಯ ಖಾತರಿ ಇದೆ, ಎಷ್ಟು ದಿನಗಳಲ್ಲಿ ದೊರೆಯುತ್ತದೆ ಎಂಬ ಮೂರು ವಿಷಯಗಳನ್ನೂ ಮುಂಚಿತವಾಗಿ ತಿಳಿದುಕೊಳ್ಳಬೇಕು.

ತೆರಿಗೆಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಪೊಟ್ಟಣದಲ್ಲಿ ಬರುವ ಬಿಡಿಭಾಗದ ಮೇಲೆ ಮುದ್ರಿಸಿರುವ ಗರಿಷ್ಠ ಮಾರಾಟ ಬೆಲೆಯು 2011ರ ಕಾನೂನು ಮಾಪನ (ಪೊಟ್ಟಣ ಸಾಮಗ್ರಿಗಳ) ನಿಯಮಗಳ ಪ್ರಕಾರ ಎಲ್ಲ ತೆರಿಗೆಗಳನ್ನೂ ಒಳಗೊಂಡಿರುತ್ತದೆ. ಆ ಬೆಲೆಯ ಮೇಲೆ ಮತ್ತೆ ಜಿಎಸ್‌ಟಿ ಸೇರಿಸುವಂತಿಲ್ಲ. ಮೇಲಿನ ಉದಾಹರಣೆಯಲ್ಲಿ ರೂ. 5,000 ಮುದ್ರಿತ ಬೆಲೆಯ ಕೀಲಿಕೈಗೆ ಇನ್ನೂ ಶೇ. 18 ಸೇರಿಸಿದರೆ ಗ್ರಾಹಕರು ರೂ. 900ನ್ನು ಹೆಚ್ಚುವರಿಯಾಗಿ ಪಾವತಿಸಿದಂತಾಗುತ್ತದೆ. ಆದ್ದರಿಂದ ಕೀಲಿಕೈ ಬಂದ ಪೊಟ್ಟಣವನ್ನು ಕೇಳಿ ಪಡೆದು, ಮುದ್ರಿತ ಬೆಲೆಯನ್ನು ಬಿಲ್ಲಿನೊಂದಿಗೆ ಹೋಲಿಸಿ ನೋಡಬೇಕು. ಕೂಲಿಯ ಮೇಲಿನ ತೆರಿಗೆಯು ನ್ಯಾಯಸಮ್ಮತವಾಗಿದ್ದು ಅದನ್ನು ಪಾವತಿಸಬೇಕಾಗುತ್ತದೆ.

9. ಖಾಸಗಿ ಕೀಲಿಕೈ ತಯಾರಕರು

ನಗರಗಳಲ್ಲಿ ಪ್ರೋಗ್ರಾಮಿಂಗ್ ಉಪಕರಣ ಹೊಂದಿರುವ ಖಾಸಗಿ ಕೀಲಿಕೈ ತಯಾರಕರು ಅಧಿಕೃತ ಕೇಂದ್ರಗಳಿಗಿಂತ ಕಡಿಮೆ ದರದಲ್ಲಿ, ಹಲವು ವೇಳೆ ಕಾರು ನಿಂತಿರುವ ಸ್ಥಳಕ್ಕೇ ಬಂದು ಕೆಲಸ ಮಾಡಿಕೊಡುತ್ತಾರೆ. ಎಲ್ಲ ಕೀಲಿಕೈಗಳೂ ಕಳೆದಿರುವಾಗ ವಾಹನ ಸಾಗಣೆಯ ವೆಚ್ಚ ಇದರಿಂದ ಉಳಿಯಬಹುದು. ಅವರಲ್ಲಿ ನುರಿತವರೂ ಪ್ರಾಮಾಣಿಕರೂ ಬಹಳ ಮಂದಿ ಇದ್ದಾರೆ. ಆದರೂ ಕೆಲವು ಅಂಶಗಳನ್ನು ಗಮನದಲ್ಲಿಡಬೇಕು.

ಬಳಸಲಾಗುವ ಕೀಲಿಕೈ ಕಂಪನಿಯದೇ ಅಥವಾ ಬೇರೆ ತಯಾರಿಕೆಯದೇ ಎಂಬುದನ್ನು ಕೇಳಿ ತಿಳಿಯಬೇಕು. ಕಾರು ಖಾತರಿ ಅವಧಿಯಲ್ಲಿದ್ದರೆ, ಹೊರಗಿನವರಿಂದ ಕಂಪ್ಯೂಟರ್ ಘಟಕದಲ್ಲಿ ಬದಲಾವಣೆ ಮಾಡಿಸುವುದು ಖಾತರಿಯ ಮೇಲೆ ಪರಿಣಾಮ ಬೀರುವುದೇ ಎಂದು ಖಾತರಿ ಪುಸ್ತಿಕೆಯಲ್ಲಿ ನೋಡಿಕೊಳ್ಳಬೇಕು. ಕೆಲಸ ನಡೆಯುವಾಗ ಮಾಲೀಕರು ಸ್ಥಳದಲ್ಲಿಯೇ ಇರಬೇಕು ಮತ್ತು ತಮ್ಮ ಕೈಗೆ ಬಂದ ಕೀಲಿಕೈಗಳ ಸಂಖ್ಯೆಯು ಕಾರಿನಲ್ಲಿ ದಾಖಲಾದ ಸಂಖ್ಯೆಗೆ ಸಮನಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬಿಲ್ಲು ಪಡೆಯದೆ ಹಣ ನೀಡಬಾರದು. ಬಿಲ್ಲು ಇಲ್ಲದಿದ್ದಲ್ಲಿ ಮುಂದೆ ದೂರು ನೀಡುವುದಾಗಲಿ, ವಿಮಾ ಕಂಪನಿಗೆ ವಿವರಣೆ ನೀಡುವುದಾಗಲಿ ಕಷ್ಟವಾಗುತ್ತದೆ.

10. ವಿಮೆಗೆ ಸಂಬಂಧಿಸಿದ ವಿಷಯಗಳು

ಸಾಮಾನ್ಯ ವಾಹನ ವಿಮೆಯಲ್ಲಿ ಕೀಲಿಕೈ ಕಳೆದ ವೆಚ್ಚವು ಒಳಗೊಂಡಿರುವುದಿಲ್ಲ. ಕೀಲಿಕೈ ಬದಲಾವಣೆಗೆಂದು ಪ್ರತ್ಯೇಕ ಹೆಚ್ಚುವರಿ ರಕ್ಷಣೆಯನ್ನು ವಿಮಾ ಕಂಪನಿಗಳು ನೀಡುತ್ತವೆ. ಇದನ್ನು ಪಾಲಿಸಿ ಪಡೆಯುವಾಗ ಅಥವಾ ನವೀಕರಿಸುವಾಗ ಹೆಚ್ಚುವರಿ ಕಂತು ನೀಡಿ ಸೇರಿಸಿಕೊಳ್ಳಬೇಕು. ಗರಿಷ್ಠ ಮೊತ್ತ, ವರ್ಷಕ್ಕೆ ಎಷ್ಟು ಬಾರಿ ಕೋರಿಕೆ ಸಲ್ಲಿಸಬಹುದು, ಬೀಗದ ಬದಲಾವಣೆಯೂ ಸೇರಿದೆಯೇ ಎಂಬ ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತವೆ. ಸ್ಮಾರ್ಟ್ ಕೀ ಇರುವ ಕಾರುಗಳ ಮಾಲೀಕರು ಈ ಕಂತನ್ನು ಹೊಸ ಕೀಲಿಕೈಯ ಬೆಲೆಯೊಂದಿಗೆ ಹೋಲಿಸಿ ತೀರ್ಮಾನಿಸುವುದು ಸೂಕ್ತ.

ಇದಕ್ಕಿಂತಲೂ ಗಂಭೀರವಾದ ವಿಷಯವೆಂದರೆ ಕಾರು ಕಳ್ಳತನದ ಪರಿಹಾರ. ಕಾರು ಕಳ್ಳತನವಾದಾಗ ವಿಮಾ ಕಂಪನಿಯು ಖರೀದಿಯ ಸಮಯದಲ್ಲಿ ದೊರೆತ ಎಲ್ಲ ಕೀಲಿಕೈಗಳನ್ನೂ ಒಪ್ಪಿಸುವಂತೆ ಕೇಳುತ್ತದೆ. ವಾಹನದ ಸುರಕ್ಷತೆಗೆ ಸೂಕ್ತ ಎಚ್ಚರಿಕೆ ವಹಿಸುವುದು ವಿಮಾದಾರರ ಕರ್ತವ್ಯವೆಂದು ಪಾಲಿಸಿಯ ಷರತ್ತಿನಲ್ಲಿಯೇ ಇರುತ್ತದೆ. ಎರಡರಲ್ಲಿ ಒಂದು ಕೀಲಿಕೈ ಮಾತ್ರ ಒಪ್ಪಿಸಿದಾಗ ಮತ್ತೊಂದು ಎಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. ತಿಂಗಳುಗಳ ಹಿಂದೆಯೇ ಅದು ಕಳೆದಿತ್ತು ಎಂಬ ಬರಿಯ ಮಾತಿಗಿಂತ, ಆಗಲೇ ಪಡೆದ ಪೊಲೀಸ್ ವರದಿ ಮತ್ತು ಗುರುತನ್ನು ಅಳಿಸಿದ ಬಿಲ್ಲು ಹೆಚ್ಚಿನ ಬಲವುಳ್ಳ ಪುರಾವೆಗಳಾಗುತ್ತವೆ. ಕೆಲವು ಸಾವಿರ ರೂಪಾಯಿಗಳ ಕೀಲಿಕೈಯನ್ನು ನಿರ್ಲಕ್ಷಿಸಿದ ಕಾರಣ ಲಕ್ಷಾಂತರ ರೂಪಾಯಿಗಳ ಪರಿಹಾರವು ವಿವಾದಕ್ಕೆ ಸಿಲುಕುವ ಸಂಭವವಿದೆ.

11. ಬಳಸಿದ ಕಾರು ಕೊಳ್ಳುವವರು ಮತ್ತು ಸಾಲ ಪಡೆದವರು

ಬಳಸಿದ ಕಾರನ್ನು ಕೊಳ್ಳುವವರು ಎಲ್ಲ ಕೀಲಿಕೈಗಳನ್ನೂ ಕೀಲಿಕೈ ಸಂಖ್ಯೆಯ ಬಿಲ್ಲೆಯನ್ನೂ ಕೇಳಿ ಪಡೆಯಬೇಕು. ಒಂದೇ ಕೀಲಿಕೈ ದೊರೆತಲ್ಲಿ ಇನ್ನೊಂದನ್ನು ಮಾಡಿಸುವ ವೆಚ್ಚವನ್ನು ಕಾರಿನ ಬೆಲೆಯಲ್ಲಿ ಕಡಿತಗೊಳಿಸುವಂತೆ ಮಾತನಾಡಬಹುದು. ನಮೂನೆ 29 ಮತ್ತು 30ರ ಮೂಲಕ ಮಾಲೀಕತ್ವ ವರ್ಗಾವಣೆಯಾದ ನಂತರ ಸೇವಾ ಕೇಂದ್ರದಲ್ಲಿ ದಾಖಲಾಗಿರುವ ಕೀಲಿಕೈಗಳ ಸಂಖ್ಯೆಯನ್ನು ಪರೀಕ್ಷಿಸಿ, ತಮ್ಮ ಬಳಿ ಇಲ್ಲದವುಗಳನ್ನು ಅಳಿಸಿಸಬೇಕು. ಹಿಂದಿನ ಮಾಲೀಕರು, ಅವರ ಚಾಲಕರು ಅಥವಾ ಮಧ್ಯವರ್ತಿಗಳ ಬಳಿ ಉಳಿದಿರಬಹುದಾದ ಕೀಲಿಕೈಯಿಂದ ಎಂಜಿನ್ ಚಾಲನೆಯಾಗದಂತೆ ಇದು ತಡೆಯುತ್ತದೆ.

ಕೆಲವು ಸಾಲ ಸಂಸ್ಥೆಗಳು ಎರಡನೆಯ ಕೀಲಿಕೈಯನ್ನು ಭದ್ರತೆಗಾಗಿ ತಮ್ಮಲ್ಲಿ ಇರಿಸಿಕೊಳ್ಳುವುದುಂಟು. ಅಂತಹ ಸಂದರ್ಭದಲ್ಲಿ ಸ್ವೀಕೃತಿ ಪತ್ರ ಪಡೆಯಬೇಕು. ಸಾಲ ತೀರಿದ ಮೇಲೆ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35ರ ಜೊತೆಯಲ್ಲಿಯೇ ಕೀಲಿಕೈಯನ್ನೂ ಹಿಂಪಡೆಯಲು ಮರೆಯಬಾರದು.

12. ದೂರು ಸಲ್ಲಿಸುವ ವಿಧಾನ

ಮುದ್ರಿತ ಬೆಲೆಗಿಂತ ಹೆಚ್ಚು ವಸೂಲಿ ಮಾಡಿದ್ದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ನೀಡಬಹುದು. ದೋಷಯುಕ್ತ ಕೀಲಿಕೈ, ಸೇವೆಯಲ್ಲಿನ ನ್ಯೂನತೆ ಅಥವಾ ಬಿಲ್ಲು ನೀಡಲು ನಿರಾಕರಣೆಯ ಸಂದರ್ಭಗಳಲ್ಲಿ ಮೊದಲು ಸೇವಾ ಕೇಂದ್ರಕ್ಕೆ ಮತ್ತು ಕಾರು ತಯಾರಿಕಾ ಕಂಪನಿಗೆ ಲಿಖಿತ ದೂರು ಸಲ್ಲಿಸಬೇಕು. ಪರಿಹಾರ ದೊರೆಯದಿದ್ದಲ್ಲಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯನ್ನು ಸಂಪರ್ಕಿಸಬಹುದು.

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳನ್ನು ಮೀರದಿದ್ದಲ್ಲಿ ಶುಲ್ಕವಿಲ್ಲ. ವ್ಯಾಜ್ಯದ ಕಾರಣ ಉದ್ಭವಿಸಿದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ಇ-ಜಾಗೃತಿ ತಾಣದ ಮೂಲಕ ಆನ್‌ಲೈನ್‌ನಲ್ಲಿಯೂ ಸಲ್ಲಿಸಲು ಅವಕಾಶವಿದೆ. ವಿಮಾ ಕಂಪನಿಯ ವಿರುದ್ಧದ ದೂರನ್ನು ಮೊದಲು ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ನೀಡಿ, ಪರಿಹಾರವಾಗದಿದ್ದಲ್ಲಿ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಛೇರಿಗೆ ಉಚಿತವಾಗಿ ಸಲ್ಲಿಸಬಹುದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರಿಮೋಟ್ ಕೆಲಸ ಮಾಡುತ್ತಿಲ್ಲ. ಹೊಸ ಕೀಲಿಕೈ ಕೊಳ್ಳಬೇಕೆ?
ಉತ್ತರ: ಮೊದಲು ಬ್ಯಾಟರಿಯನ್ನು ಬದಲಾಯಿಸಿ ನೋಡಬೇಕು. ಹಲವು ಕೀಲಿಕೈಗಳಲ್ಲಿ ಸಿಆರ್ 2032 ಎಂಬ 3 ವೋಲ್ಟ್‌ನ ಗುಂಡಿ ಬ್ಯಾಟರಿ ಇರುತ್ತದೆ. ಇದರ ಬೆಲೆ ಹೊಸ ಕೀಲಿಕೈಯ ಅಲ್ಪಾಂಶ ಮಾತ್ರ. ಹಳೆಯ ಬ್ಯಾಟರಿಯನ್ನು ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಬೇಕು. ನುಂಗಿದಲ್ಲಿ ಪ್ರಾಣಾಪಾಯವಿದೆ.

ಪ್ರಶ್ನೆ: ಸ್ಮಾರ್ಟ್ ಕೀಯ ಬ್ಯಾಟರಿ ದಾರಿಯಲ್ಲಿ ಖಾಲಿಯಾದರೆ ಏನು ಮಾಡಬೇಕು?
ಉತ್ತರ: ಒಳಗಿರುವ ಲೋಹದ ಕೀಲಿಕೈಯಿಂದ ಬಾಗಿಲು ತೆರೆದು, ಸ್ಮಾರ್ಟ್ ಕೀಯನ್ನು ಚಾಲನಾ ಗುಂಡಿಗೆ ಅಥವಾ ಕೈಪಿಡಿಯಲ್ಲಿ ತಿಳಿಸಿರುವ ಸ್ಥಳಕ್ಕೆ ತಾಗಿಸಿ ಎಂಜಿನ್ ಚಾಲನೆ ಮಾಡಬಹುದು. ಬ್ಯಾಟರಿ ಬೇಡದ ಚಿಪ್ ಅಲ್ಲಿಯೂ ಇರುವುದೇ ಇದಕ್ಕೆ ಕಾರಣ.

ಪ್ರಶ್ನೆ: ಹೊರಕವಚ ಮಾತ್ರ ಒಡೆದಿದ್ದರೆ?
ಉತ್ತರ: ಕವಚವನ್ನು ಮಾತ್ರ ಬದಲಾಯಿಸಿಕೊಳ್ಳಬಹುದು. ಹಳೆಯ ಚಿಪ್ ಮತ್ತು ಫಲಕವನ್ನು ಜಾಗರೂಕತೆಯಿಂದ ಹೊಸ ಕವಚಕ್ಕೆ ವರ್ಗಾಯಿಸಿದಲ್ಲಿ ಪ್ರೋಗ್ರಾಮಿಂಗ್ ಬೇಕಾಗುವುದಿಲ್ಲ. ಚಿಪ್ ಬಹಳ ಚಿಕ್ಕದಾಗಿರುವುದರಿಂದ ಹಳೆಯ ಕವಚದೊಂದಿಗೆ ಎಸೆದುಹೋಗದಂತೆ ನೋಡಿಕೊಳ್ಳಬೇಕು.

ಪ್ರಶ್ನೆ: ಬೇರೆ ಕಾರಿನ ಹಳೆಯ ಸ್ಮಾರ್ಟ್ ಕೀಯನ್ನು ಕಡಿಮೆ ಬೆಲೆಗೆ ಕೊಂಡು ಬಳಸಬಹುದೆ?
ಉತ್ತರ: ಹಲವು ಮಾದರಿಗಳಲ್ಲಿ ಒಮ್ಮೆ ಒಂದು ಕಾರಿಗೆ ಹೊಂದಿಸಿದ ಕೀಲಿಕೈ ಮತ್ತೊಂದಕ್ಕೆ ನೇರವಾಗಿ ಹೊಂದುವುದಿಲ್ಲ. ಕೊಳ್ಳುವ ಮೊದಲು ಸೇವಾ ಕೇಂದ್ರದಲ್ಲಿ ವಿಚಾರಿಸಬೇಕು.

ಪ್ರಶ್ನೆ: ಸ್ಮಾರ್ಟ್ ಕೀಯನ್ನು ಮನೆಯ ಬಾಗಿಲ ಬಳಿಯ ಮೊಳೆಗೆ ತೂಗುಹಾಕುವುದು ಸರಿಯೇ?
ಉತ್ತರ: ಸೂಕ್ತವಲ್ಲ. ಕೀಲಿಕೈಯ ಮತ್ತು ಕಾರಿನ ನಡುವಿನ ಸಂಕೇತವನ್ನು ಉಪಕರಣಗಳ ಮೂಲಕ ದೂರಕ್ಕೆ ಸಾಗಿಸಿ ಕಾರನ್ನು ತೆರೆಯಲು ಸಾಧ್ಯವೆಂದು ಸ್ವಿಟ್ಜರ್ಲೆಂಡ್‌ನ ಸಂಶೋಧಕರು 2011ರಲ್ಲಿ 8 ಕಂಪನಿಗಳ 10 ಮಾದರಿಗಳ ಮೇಲೆ ಪರೀಕ್ಷಿಸಿ ತೋರಿಸಿದ್ದಾರೆ. ಕೀಲಿಕೈಯನ್ನು ಕಾರಿನಿಂದಲೂ ಹೊರಬಾಗಿಲಿನಿಂದಲೂ ದೂರದಲ್ಲಿ ಇರಿಸುವುದು ಒಳಿತು.

ಪ್ರಶ್ನೆ: ಕೀಲಿಕೈ ಬದಲಾಯಿಸಿದ್ದನ್ನು ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ನೋಂದಾಯಿಸಬೇಕೆ?
ಉತ್ತರ: ಇಲ್ಲ. ಕೀಲಿಕೈ ಬದಲಾವಣೆಗೆ ಸರ್ಕಾರಿ ಅರ್ಜಿಯಾಗಲಿ ಶುಲ್ಕವಾಗಲಿ ಇರುವುದಿಲ್ಲ. ಇಂತಹ ಶುಲ್ಕದ ಹೆಸರಿನಲ್ಲಿ ಯಾರಾದರೂ ಹಣ ಕೇಳಿದಲ್ಲಿ ನೀಡಬಾರದು.

14. ಸಾರ್ವಜನಿಕರ ಗಮನಕ್ಕೆ

ಕಾರಿನ ಎರಡು ಕೀಲಿಕೈಗಳನ್ನು ಒಂದೇ ಗೊಂಚಲಿನಲ್ಲಿ ಇಡಬಾರದು ಮತ್ತು ಎರಡನೆಯದನ್ನು ಕಾರಿನೊಳಗೆ ಬಿಡಬಾರದು. ಕೀಲಿಕೈ ಸಂಖ್ಯೆಯ ಬಿಲ್ಲೆಯನ್ನು ಮನೆಯಲ್ಲಿ ದಾಖಲೆಗಳೊಂದಿಗೆ ಇರಿಸಬೇಕು. ಕೆಲವು ತಿಂಗಳಿಗೊಮ್ಮೆ ಎರಡನೆಯ ಕೀಲಿಕೈಯಿಂದಲೂ ಕಾರನ್ನು ಚಾಲನೆ ಮಾಡಿ ಪರೀಕ್ಷಿಸಬೇಕು. ಒಂದು ಕೀಲಿಕೈ ಕಳೆದಲ್ಲಿ ಇನ್ನೊಂದು ಇದೆಯೆಂದು ಸುಮ್ಮನಿರದೆ, ವರದಿ ದಾಖಲಿಸಿ, ಕಳೆದುದರ ಗುರುತನ್ನು ಅಳಿಸಿಸಿ, ಹೊಸದನ್ನು ಮಾಡಿಸಿಕೊಂಡು, ಸಂಬಂಧಿಸಿದ ಬಿಲ್ಲುಗಳನ್ನು ಕಾರು ತಮ್ಮ ಬಳಿ ಇರುವವರೆಗೂ ಕಾಯ್ದಿರಿಸಿಕೊಳ್ಳುವಂತೆ ವಾಹನ ಮಾಲೀಕರಲ್ಲಿ ಕೋರಲಾಗಿದೆ.